ಗುಳಿಗೆ ಸತ್ತರೂ ಲೋಹ ಸಾಯದು

ಬೆಳಗಿನ ಜಾವ. ಸಂಕೇಶ್ವರದ ಹೆದ್ದಾರಿ ಪಕ್ಕದ ಒಂದು ಓಣಿ. ಮೆಣಸಿನಕಾಯಿ ಚೀಲ ಹೇರಿಕೊಂಡು ಸಂತೆಗೆ ಹೊರಡಬೇಕಾದ ಈಕೋ ವ್ಯಾನಿನ ಕೀಲಿ ತಿರುವಿದ ಕೂಡಲೇ ಗಾಡಿ ರಾಶಿ ಮಷಿನ್ನಿನ ಹಾಗೆ ಅಬ್ಬರಿಸುತ್ತದೆ. ಮಲಗಿದ್ದವರೆಲ್ಲ ಎದ್ದು ಕಿಟಕಿಗೆ ಬರುತ್ತಾರೆ. ಬಗ್ಗಿ ನೋಡಿದರೆ ಸೈಲೆನ್ಸರ್ ಇದ್ದ ಜಾಗ ಖಾಲಿ. ಹೊತ್ತು ಏರಿದ ಮೇಲೆ ಗ್ಯಾರೇಜಿನ ಮಿಸ್ತ್ರಿ ಗಾಡಿಯ ಕೆಳಗೆ ಹೊಕ್ಕು, ಹೊರಬಂದು, ಕೈ ಒರೆಸಿಕೊಳ್ಳುತ್ತ ಹೇಳುತ್ತಾನೆ: ‘ಪೈಪ್ ತೊಗೊಂಡು ಏನ್ ಮಾಡ್ತಾರ್ರೀ ಅವರು? ಅವರಿಗೆ ಬೇಕಾಗಿದ್ದು ಒಳಗಿನ ಮಣ್ಣು.’

ಇಂಥ ಕಳವಿನ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದಿದವರು ಬಹಳ ಮಂದಿ. ಗುಜರಾತ್, ಮಹಾರಾಷ್ಟ್ರದ ಪೊಲೀಸರು ಈಕೋ ಸೈಲೆನ್ಸರ್ ಕದಿಯುವ ತಂಡಗಳನ್ನೇ ಹಿಡಿದಿದ್ದಾರೆ. ಮಣ್ಣಿಗೆ ಯಾಕಿಷ್ಟು ಬೆಲೆ ಎಂದು ಕೇಳಿದರೆ ಮಾತ್ರ ‘ಅದರಾಗ ಪ್ಲಾಟಿನಂ ಇರತದಂತ’ ಎನ್ನುವಲ್ಲಿಗೆ ಮಾತು ನಿಲ್ಲುತ್ತದೆ.

ಅದು ನಿಜವೇ. ಸೈಲೆನ್ಸರಿಗೆ ಜೋಡಿಸಿದ ಡಬ್ಬಿಯೊಳಗೆ ಜೇನುಗೂಡಿನಂಥ ಪಿಂಗಾಣಿಯ ಇಟ್ಟಿಗೆಯೊಂದು ಕೂತಿರುತ್ತದೆ. ಅದರ ಸಣ್ಣ ಸಣ್ಣ ಕೊಳವೆಗಳ ಗೋಡೆಗೆ ಪ್ಲಾಟಿನಂ, ಪಲಾಡಿಯಂ, ರೋಡಿಯಂ ಲೋಹಗಳ ಕಣಗಳನ್ನು ಬಳಿದಿರುತ್ತಾರೆ. ಒಟ್ಟು ಸೇರಿದರೂ ಕೆಲವೇ ಗ್ರಾಂ. ಆದರೆ ಗಣಿಯಿಂದ ಅಗೆದ ಒಂದು ಟನ್ ಅದಿರಿನಲ್ಲಿ ಸಿಗುವುದೂ ಹೆಚ್ಚುಕಡಿಮೆ ಅಷ್ಟೇ ಗ್ರಾಂ. ನಮ್ಮದೇ ದಾವಣಗೆರೆ ಜಿಲ್ಲೆಯ ಹನುಮಲಾಪುರದ ಕಲ್ಲಿನಲ್ಲಿ ಭೂವಿಜ್ಞಾನಿಗಳು ಪ್ಲಾಟಿನಂ ಗುಂಪಿನ ಲೋಹಗಳನ್ನು ಗುರುತಿಸಿದ್ದಾರೆ. ಅಲ್ಲಿ ನೆಲದಲ್ಲಿ ಹುದುಗಿರುವ ಲೋಹವೇ ಇಲ್ಲಿ ಗುಜರಿ ಅಂಗಡಿಯ ಮೂಲೆಯಲ್ಲಿ, ಎಷ್ಟೋ ಪಟ್ಟು ದಟ್ಟವಾಗಿ, ಬಿದ್ದಿರುತ್ತದೆ.

ಕಳ್ಳರಿಗೆ ಗೊತ್ತಿರುವ ಈ ಲೆಕ್ಕ ಕಾರ್ಖಾನೆಗಳಿಗೂ ಗೊತ್ತಿದೆ. ಸೈಲೆನ್ಸರಿನ ಮಣ್ಣಿಗೆ ದೊಡ್ಡ ದೊಡ್ಡ ಅಣ್ಣಂದಿರಿದ್ದಾರೆ. ತೈಲ ಶುದ್ಧೀಕರಣ, ರಸಗೊಬ್ಬರ, ವನಸ್ಪತಿ ಕಾರ್ಖಾನೆಗಳಲ್ಲಿ ಕೆಲಸ ಮುಗಿಸಿ ಹೊರಬೀಳುವ ಗುಳಿಗೆಗಳು ಅವು. ಅವುಗಳಿಂದ ಲೋಹ ಹೇಗೆ ತೆಗೆಯುತ್ತಾರೆ, ಮಿಕ್ಕದ್ದನ್ನು ಹೊಲಸು ನೀರು ತೊಳೆಯಲು ಬಳಸಬಹುದೇ, ಕಬ್ಬಿನ ನಾಡಾದ ಗೋಕಾಕ, ಮೂಡಲಗಿ, ಹುಕ್ಕೇರಿಗೆ ಅದರಿಂದ ಏನಾದರೂ ಪ್ರಯೋಜನ ಇದೆಯೇ ಎಂದು ನೋಡೋಣ.

ಮದುವೆ ಮಾಡಿಸುವವನ ಕೆಲಸ

ಶಾಲೆಯ ವಿಜ್ಞಾನ ಪುಸ್ತಕದಲ್ಲಿ ಈ ಗುಳಿಗೆಯ ಹೆಸರು ಕ್ರಿಯಾವರ್ಧಕ. ಕಾರ್ಖಾನೆಯವರ ಬಾಯಲ್ಲಿ ಕ್ಯಾಟಲಿಸ್ಟ್. ಸ್ವೀಡನ್ನಿನ ಬರ್ಜೀಲಿಯಸ್ 1835ರಲ್ಲಿ ಈ ಗುಣಕ್ಕೆ ಹೆಸರಿಟ್ಟ. ಗಂಡು ಹೆಣ್ಣಿನ ಕಡೆಯವರನ್ನು ಒಂದೆಡೆ ಕೂರಿಸಿ, ಮಾತು ಕುದುರಿಸಿ, ಅಕ್ಷತೆ ಬಿದ್ದ ಮೇಲೆ ಚೀಲ ಹೆಗಲಿಗೇರಿಸಿ ಮುಂದಿನ ಊರಿಗೆ ಹೊರಡುವ ಮದುವೆ ದಲ್ಲಾಳಿಯ ಕೆಲಸ ಇದರದ್ದು. ತಾನು ಯಾರನ್ನೂ ಮದುವೆಯಾಗುವುದಿಲ್ಲ, ಸವೆಯುವುದೂ ಇಲ್ಲ.

ನಮ್ಮ ಅಡುಗೆಮನೆಗೆ ಇದು ಬಂದದ್ದು ಡಾಲ್ಡಾ ಡಬ್ಬಿಯ ಮೂಲಕ. 1937ರಲ್ಲಿ ಭಾರತದ ಮಾರುಕಟ್ಟೆಗೆ ಬಂದ ಆ ವನಸ್ಪತಿ, ದ್ರವರೂಪದ ಎಣ್ಣೆಗೆ ಜಲಜನಕ ಕೂಡಿಸಿ ಗಟ್ಟಿ ಮಾಡಿದ್ದು. ಎಣ್ಣೆ ಮತ್ತು ಜಲಜನಕ ತಾವಾಗಿ ಕೂಡುವುದಿಲ್ಲ. ಮಧ್ಯದಲ್ಲಿ ನಿಕ್ಕಲ್ ಪುಡಿ ಬೇಕು. ಈ ವಿದ್ಯೆಗೆ ದಾರಿ ಮಾಡಿದ ಫ್ರಾನ್ಸಿನ ಪಾಲ್ ಸಬಾಟಿಯೇ ಅವರಿಗೆ 1912ರ ನೊಬೆಲ್ ಬಂತು.

ಸವೆಯದ ವಸ್ತು ಮುದಿಯಾಗುವುದು ಹೇಗೆ? ಗುಳಿಗೆಯ ರಚನೆ ನೋಡಿದರೆ ಅರ್ಥವಾಗುತ್ತದೆ. ಅದರ ಬಹುಪಾಲು ಅಲ್ಯುಮಿನಾ, ಅಂದರೆ ಅಲ್ಯುಮಿನಿಯಂ ಆಕ್ಸೈಡ್. ಅದು ಸಾವಿರಾರು ತೂತುಗಳ ಸ್ಪಂಜು. ಒಂದೇ ಒಂದು ಗ್ರಾಂ ಹೊಸ ಗುಳಿಗೆಯ ಒಳಗಿನ ಗೋಡೆಗಳನ್ನೆಲ್ಲ ಬಿಡಿಸಿ ಹಾಸಿದರೆ ಎರಡು ಗುಂಟೆ ಜಾಗ ತುಂಬುತ್ತದೆ. ಆ ಗೋಡೆಗಳ ಮೇಲೆ ಲೋಹದ ಕಣಗಳು ಕೂತಿರುತ್ತವೆ. ವರ್ಷಗಟ್ಟಲೆ ಬಿಸಿ ಎಣ್ಣೆ, ಅನಿಲ ಹರಿದ ಮೇಲೆ ತೂತುಗಳಲ್ಲಿ ಮಸಿ ಕಟ್ಟುತ್ತದೆ. ಇಲ್ಲವೇ ಕಣಗಳು ಕಾವಿಗೆ ಒಂದಕ್ಕೊಂದು ಅಂಟಿ, ಮಳೆಗಾಲದ ಸಕ್ಕರೆಯಂತೆ ಗಡ್ಡೆಗಟ್ಟುತ್ತವೆ. ವಿಷ ತಗುಲಿ ಕೆಡುವುದೂ ಉಂಟು. ಸೀಸ ಬೆರೆತ ಪೆಟ್ರೋಲು ಸೈಲೆನ್ಸರಿನ ಕ್ರಿಯಾವರ್ಧಕಕ್ಕೆ ಅಂಥ ವಿಷ. 1995ರಲ್ಲಿ ನಾಲ್ಕು ಮಹಾನಗರಗಳ ಹೊಸ ಕಾರುಗಳಿಗೆ ಈ ಡಬ್ಬಿ ಕಡ್ಡಾಯ ಮಾಡಿದಾಗ ಜೊತೆಗೇ ಸೀಸರಹಿತ ಪೆಟ್ರೋಲನ್ನೂ ತರಬೇಕಾಯಿತು.

ಹೇಗೇ ಕೆಟ್ಟರೂ ಲೋಹ ಮಾತ್ರ ಒಳಗೇ ಇರುತ್ತದೆ. ಕೆಟ್ಟದ್ದು ಕೂತ ಮನೆ.

ಮಂಗಳೂರಿನ ಗುಳಿಗೆ, ಮೂಡಲಗಿಯ ಟ್ರ್ಯಾಕ್ಟರ್

ಕರ್ನಾಟಕದಲ್ಲಿ ಇಂಥ ಗುಳಿಗೆಗಳ ದೊಡ್ಡ ಬಳಕೆದಾರರು ಕರಾವಳಿಯಲ್ಲಿದ್ದಾರೆ. ಎಂಆರ್‌ಪಿಎಲ್ ಎಂದೇ ಪರಿಚಿತವಾದ ಮಂಗಳೂರಿನ ತೈಲ ಶುದ್ಧೀಕರಣಾಗಾರ ವರ್ಷಕ್ಕೆ 1.5 ಕೋಟಿ ಟನ್ ಕಚ್ಚಾತೈಲ ಸಂಸ್ಕರಿಸುವಷ್ಟು ದೊಡ್ಡದು. ಪಕ್ಕದ ಪಣಂಬೂರಿನ ರಸಗೊಬ್ಬರ ಕಾರ್ಖಾನೆ 1976ರಿಂದ ಯೂರಿಯಾ ತಯಾರಿಸುತ್ತಿದೆ. ಯೂರಿಯಾಕ್ಕೆ ಬೇಕಾದ ಅಮೋನಿಯಾ ಹುಟ್ಟುವುದು ಕಬ್ಬಿಣದ ಕ್ರಿಯಾವರ್ಧಕದ ಮೇಲೆ. ಜರ್ಮನಿಯ ಆಲ್ವಿನ್ ಮಿಟಾಷ್ ನೂರು ವರ್ಷಕ್ಕೂ ಹಿಂದೆ ಸಾವಿರಾರು ಪದಾರ್ಥ ಪರೀಕ್ಷಿಸಿ ಕೊನೆಗೆ ಕೈ ಇಟ್ಟದ್ದು ಸಾದಾ ಕಬ್ಬಿಣದ ಅದಿರಿನ ಮೇಲೆ. ಅದಕ್ಕೆ ಚೂರುಪಾರು ಅಲ್ಯುಮಿನಾ, ಪೊಟ್ಯಾಷ್ ಬೆರೆಸಿದರೆ ಸಾಕಾಗಿತ್ತು.

ಇದಕ್ಕೂ ಮೂಡಲಗಿಯ ಕಬ್ಬಿನ ಟ್ರ್ಯಾಕ್ಟರಿಗೂ ನಂಟಿದೆ. ಕಚ್ಚಾತೈಲದಲ್ಲಿ ಗಂಧಕ ಇರುತ್ತದೆ. 2020ರ ಏಪ್ರಿಲ್‌ನಿಂದ ದೇಶದ ಎಲ್ಲೆಡೆ ಮಾರುವ ಡೀಸೆಲ್ಲಿನಲ್ಲಿ ಒಂದು ಕಿಲೋಗೆ 10 ಮಿಲಿಗ್ರಾಂಗಿಂತ ಹೆಚ್ಚು ಗಂಧಕ ಇರಕೂಡದು. ಅದಕ್ಕೆ ಮುಂಚೆ 50 ಇರಬಹುದಿತ್ತು. ಹೀಗೆ ಗಂಧಕ ತೆಗೆಯುವುದು ಕೋಬಾಲ್ಟ್ ಅಥವಾ ನಿಕ್ಕಲ್ ಜೊತೆ ಮಾಲಿಬ್ಡಿನಮ್ ಹೊತ್ತ ಗುಳಿಗೆಗಳ ಕೆಲಸ. ಡೀಸೆಲ್ ಶುದ್ಧವಾದಷ್ಟೂ ಗುಳಿಗೆಗಳ ಮೇಲೆ ಹೊರೆ ಹೆಚ್ಚು. ಗಾಳಿ ಸ್ವಚ್ಛವಾಗಲೆಂದು ಮಾಡಿದ ನಿಯಮ ಇನ್ನೊಂದು ಕಡೆ ತ್ಯಾಜ್ಯದ ರಾಶಿ ಬೆಳೆಸುತ್ತದೆ. ಇದು ನಿಯಮದ ತಪ್ಪಲ್ಲ, ಲೆಕ್ಕ ಅಲ್ಲಿಗೇ ಮುಗಿಯುವುದಿಲ್ಲ ಅಷ್ಟೇ.

ಮೊದಲ ಒಂದೆರಡು ಸಲ ಮಸಿಯನ್ನು ಸುಟ್ಟು ತೆಗೆದು ಗುಳಿಗೆಯನ್ನು ಮತ್ತೆ ಕೆಲಸಕ್ಕೆ ಹಚ್ಚುತ್ತಾರೆ. ಆದರೆ ಭಾರವಾದ ತೈಲದಲ್ಲಿ ಹುಟ್ಟಿನಿಂದಲೇ ಇರುವ ವನೇಡಿಯಂ, ನಿಕ್ಕಲ್ ಬಂದು ತೂತುಗಳಲ್ಲಿ ಕೂತ ಮೇಲೆ ಸುಟ್ಟರೂ ಪ್ರಯೋಜನವಿಲ್ಲ. ಆಗ ಗುಳಿಗೆ ರಿಯಾಕ್ಟರಿನಿಂದ ಹೊರಬೀಳುತ್ತದೆ, ಬರುವಾಗ ಇರದಿದ್ದ ಲೋಹವನ್ನೂ ಹೊತ್ತುಕೊಂಡು.

ಹೊರಬಿದ್ದದ್ದು ತೆಪ್ಪಗಿರುವ ಜಾತಿಯದ್ದಲ್ಲ. ಗಾಳಿ ತಾಗಿದರೆ ತಾನಾಗಿ ಕಾಯುತ್ತದೆ, ಕೆಲವೊಮ್ಮೆ ಹೊತ್ತಿಕೊಳ್ಳುತ್ತದೆ. ಮಳೆ ನೀರು ತಾಗಿದರೆ ಲೋಹ ಕರಗಿ ನೆಲಕ್ಕಿಳಿಯುತ್ತದೆ. ಅಮೆರಿಕ 1998ರಲ್ಲಿ ಇದನ್ನು ಅಪಾಯಕಾರಿ ತ್ಯಾಜ್ಯದ ಪಟ್ಟಿಗೆ ಸೇರಿಸಿತು. ನಮ್ಮಲ್ಲಿ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಅಡಿ ಇದು ಬರುತ್ತದೆ. ಅದೇ ನಿಯಮಗಳ ಇನ್ನೊಂದು ಪಟ್ಟಿಯಲ್ಲಿ ನಿಕ್ಕಲ್, ತಾಮ್ರ, ಸತು, ವನೇಡಿಯಂ, ಕೋಬಾಲ್ಟ್ ಇರುವ ಹಳೆಯ ಕ್ರಿಯಾವರ್ಧಕವನ್ನು ಮರುಬಳಕೆಗೆ ಯೋಗ್ಯ ಎಂದೂ ಬರೆದಿದೆ. ಬೆಂಗಳೂರಿನ ಹತ್ತಿರದ ದಾಬಸ್‌ಪೇಟೆಯಲ್ಲಿ ಇರುವಂಥ ಭದ್ರವಾದ ಗುಂಡಿಯಲ್ಲಿ ಹೂಳುವುದು ಒಂದು ದಾರಿ. ಲೋಹ ಹೆಕ್ಕುವುದು ಇನ್ನೊಂದು. ಹೂತರೆ ವಿಷವೂ ಒಳಗೆ, ಸಂಪತ್ತೂ ಒಳಗೆ.

ಕರದಂಟಿನಿಂದ ಗೋಡಂಬಿ ಬಿಡಿಸಿದಂತೆ

ಅಕ್ಕಸಾಲಿಗರ ಅಂಗಡಿಯ ಕಸ ಗುಡಿಸಿ, ಬೂದಿ ಸೇರಿಸಿ, ತೊಳೆದು ತೊಳೆದು ಬಂಗಾರದ ಕಣ ಹೆಕ್ಕುವ ಕಸುಬುದಾರರಿಗೆ ಕನ್ನಡದಲ್ಲಿ ಜಲಗಾರ ಎಂಬ ಹೆಸರಿದೆ. ಕುವೆಂಪು ಅವರ ನಾಟಕದಿಂದಾಗಿ ಆ ಪದ ನಮಗೀಗ ಬೀದಿ ಗುಡಿಸುವವನನ್ನೇ ನೆನಪಿಸುತ್ತದೆ. ಹಳೆಯ ಅರ್ಥದ ಜಲಗಾರ ಮಾಡುತ್ತಿದ್ದದ್ದೇ ಇಂದು ದೊಡ್ಡ ಕುಲುಮೆ, ತೊಟ್ಟಿಗಳಲ್ಲಿ ನಡೆಯುತ್ತಿದೆ.

ಗೋಕಾಕದವರಿಗೆ ಇದನ್ನು ವಿವರಿಸುವುದು ಸುಲಭ. ಕರದಂಟು ಕೈಯಲ್ಲಿ ಹಿಡಿಯಿರಿ. ಕರಿದ ಅಂಟು, ಬೆಲ್ಲ, ಉತ್ತತ್ತಿ, ಕೊಬ್ಬರಿ, ಗೋಡಂಬಿ ಎಲ್ಲ ಒಂದಕ್ಕೊಂದು ಕಚ್ಚಿಕೊಂಡಿವೆ. ಅದರಿಂದ ಗೋಡಂಬಿಯನ್ನಷ್ಟೇ ಬೇರೆ ಮಾಡಬೇಕು. ಕುಟ್ಟಿದರೆ ಎಲ್ಲ ಪುಡಿ. ಬಿಸಿನೀರಿಗೆ ಹಾಕಿದರೆ ಮಾತ್ರ ಬೆಲ್ಲ ಕರಗಿ ಹೋಗಿ ಗೋಡಂಬಿ ತಳದಲ್ಲಿ ಉಳಿಯುತ್ತದೆ. ಲೋಹ ತೆಗೆಯುವವರ ಗುಟ್ಟೂ ಇಷ್ಟೇ: ಯಾವುದು ಯಾವುದರಲ್ಲಿ ಕರಗುತ್ತದೆ, ಯಾವುದು ಕರಗುವುದಿಲ್ಲ ಎಂಬ ತಿಳಿವಳಿಕೆ.

ಮೊದಲು ಗುಳಿಗೆಯನ್ನು ಹುರಿಯುತ್ತಾರೆ. ಎಣ್ಣೆ, ಮಸಿ, ಗಂಧಕ ಸುಟ್ಟು ಹೋಗುತ್ತವೆ. ಗಂಧಕದ ಹೊಗೆಯನ್ನು ಹಿಡಿದು ತೊಳೆಯದೆ ಬಿಟ್ಟರೆ ಸುತ್ತಲಿನ ಊರವರು ಕೆಮ್ಮಬೇಕಾಗುತ್ತದೆ. ನಂತರ ಸೋಡಾ ಬೆರೆಸಿ ಮತ್ತೆ ಹುರಿದರೆ ಮಾಲಿಬ್ಡಿನಮ್, ವನೇಡಿಯಂ ಎರಡೂ ನೀರಿನಲ್ಲಿ ಕರಗುವ ಉಪ್ಪಾಗುತ್ತವೆ. ಬಿಸಿನೀರಿನಲ್ಲಿ ಕಲಕಿ ಸೋಸಿದರೆ ಅವು ನೀರಿನ ಜೊತೆ ಹೊರಬರುತ್ತವೆ. ನಿಕ್ಕಲ್, ಕೋಬಾಲ್ಟ್ ಅಲ್ಯುಮಿನಾದ ಜೊತೆ ಗಷ್ಟಿನಲ್ಲೇ ಉಳಿಯುತ್ತವೆ.

ಸೋಸಿದ ನೀರಿಗೆ ಅಮೋನಿಯಂ ಕ್ಲೋರೈಡ್, ಅಂದರೆ ನವಸಾಗರ ಹಾಕಿದರೆ ವನೇಡಿಯಂ ಬಿಳಿ ಪುಡಿಯಾಗಿ ತಳಕ್ಕೆ ಇಳಿಯುತ್ತದೆ. ಅದನ್ನು ಕಾಯಿಸಿದರೆ ಕೇಸರಿ ಬಣ್ಣದ ವನೇಡಿಯಂ ಆಕ್ಸೈಡ್. ಉಳಿದ ನೀರನ್ನು ಹುಳಿ ಮಾಡಿದರೆ ಮಾಲಿಬ್ಡಿನಮ್ ಕೈಗೆ ಬರುತ್ತದೆ. ಗಷ್ಟನ್ನು ತೇಜಾಬಿನಲ್ಲಿ ನೆನೆಸಿದರೆ ನಿಕ್ಕಲ್ ಹಸಿರಾಗಿ, ಕೋಬಾಲ್ಟ್ ಗುಲಾಬಿಯಾಗಿ ಕರಗುತ್ತದೆ. ಬಣ್ಣ ನೋಡಿಯೇ ಯಾವ ತೊಟ್ಟಿಯಲ್ಲಿ ಏನಿದೆ ಎಂದು ಊಹಿಸಬಹುದಾದ ಕಾರ್ಖಾನೆಗಳಲ್ಲಿ ಇದೂ ಒಂದು.

ಹೀಗೆ ಬಂದ ಲೋಹ ಎಲ್ಲಿಗೆ ಹೋಗುತ್ತದೆ? ಬಹುಪಾಲು ಉಕ್ಕಿಗೆ. ಸಂಕೇಶ್ವರದ ಆ ಮಿಸ್ತ್ರಿಯ ಕೈಯಲ್ಲಿರುವ ಪಾನಾ ತಿರುವಿ ನೋಡಿದರೆ ಕ್ರೋಮ್ ವನೇಡಿಯಂ ಎಂದು ಅಚ್ಚೊತ್ತಿರುವ ಸಾಧ್ಯತೆ ಹೆಚ್ಚು. ಉಕ್ಕಿಗೆ ಚಿಟಿಕೆ ವನೇಡಿಯಂ ಬಿದ್ದರೆ ಪಾನಾ ಬಾಯಿ ಬಿಡುವುದಿಲ್ಲ. ಮಾಲಿಬ್ಡಿನಮ್ ಬೆರೆತ ಉಕ್ಕು ಕಾವಿಗೆ ಬಗ್ಗುವುದಿಲ್ಲ. ಈ ನಾಲ್ಕೂ ಲೋಹಗಳಿಗೆ ನಾವು ಹೊರದೇಶಗಳ ಬಾಯಿ ನೋಡುವವರು. ಕೇಂದ್ರ ಸರ್ಕಾರ 2023ರಲ್ಲಿ ಪ್ರಕಟಿಸಿದ 30 ನಿರ್ಣಾಯಕ ಖನಿಜಗಳ ಪಟ್ಟಿಯಲ್ಲಿ ನಾಲ್ಕೂ ಇವೆ. 2025ರ ಸೆಪ್ಟೆಂಬರ್‌ನಲ್ಲಿ ಇಂಥ ಖನಿಜಗಳ ಮರುಬಳಕೆಗೆಂದು 1,500 ಕೋಟಿ ರೂಪಾಯಿಯ ಪ್ರೋತ್ಸಾಹಧನ ಯೋಜನೆಗೆ ಸಂಪುಟ ಒಪ್ಪಿಗೆ ಕೊಟ್ಟಿತು. ಹಳೆಯ ವಾಹನಗಳ ಸೈಲೆನ್ಸರ್ ಡಬ್ಬಿಯ ಹೆಸರೂ ಅದರಲ್ಲಿ ಬಂದಿದೆ.

ಕುಲುಮೆ, ತೇಜಾಬು ಬೇಡ ಎನ್ನುವವರಿಗೆ ಬ್ಯಾಕ್ಟೀರಿಯಾಗಳ ದಾರಿಯಿದೆ. ಗಂಧಕ, ಕಬ್ಬಿಣ ತಿಂದು ಬದುಕುವ ಕೆಲವು ಸೂಕ್ಷ್ಮಜೀವಿಗಳು ತಾವೇ ಆಮ್ಲ ಉತ್ಪಾದಿಸಿ ಲೋಹ ಕರಗಿಸುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ.ಎ. ನಟರಾಜನ್ ಈ ಜೀವಿಗಳ ಮೇಲೆ ದಶಕಗಳ ಕಾಲ ಕೆಲಸ ಮಾಡಿದರು. ಹಟ್ಟಿ ಚಿನ್ನದ ಗಣಿಯ ಹಟಮಾರಿ ಅದಿರಿಗೂ ಇದನ್ನು ಪ್ರಯೋಗಿಸಿ ನೋಡಿದರು. ಗುಳಿಗೆಗಳ ಮೇಲೂ ಇವು ಕೆಲಸ ಮಾಡುತ್ತವೆ. ಆದರೆ ಕುಲುಮೆ ಗಂಟೆಗಳಲ್ಲಿ ಮುಗಿಸುವುದಕ್ಕೆ ಇವುಗಳಿಗೆ ದಿನಗಳು ಬೇಕು.

ಹೊಳೆಗೆ ಎರಡು ಬಗೆಯ ಕಂದು

ಈಗ ಘಟಪ್ರಭೆಗೆ ಬರೋಣ. ಸಹ್ಯಾದ್ರಿಯಿಂದ ಇಳಿದು ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯದಲ್ಲಿ ತಂಗಿ, 1897ರ ಧೂಪದಾಳ ಒಡ್ಡು ದಾಟಿ, ಗೋಕಾಕ ಜಲಪಾತದಲ್ಲಿ 52 ಮೀಟರ್ ಧುಮುಕಿ, ಮೂಡಲಗಿಯ ಹೊಲಗಳ ಪಕ್ಕ ಹಾದು ಹೋಗುವ ಹೊಳೆ ಇದು. ಸಂಕೇಶ್ವರದ ಕಡೆಯಿಂದ ಹಿರಣ್ಯಕೇಶಿ, ಬೆಳಗಾವಿಯ ಕಡೆಯಿಂದ ಮಾರ್ಕಂಡೇಯ ಬಂದು ಸೇರುತ್ತವೆ. ಮಳೆಗಾಲದಲ್ಲಿ ಜಲಪಾತದ ನೀರು ಕಂದು. ಅದು ಮಣ್ಣಿನ ಬಣ್ಣ. ಒಂದು ಕೊಡ ತುಂಬಿಟ್ಟು ತುರಟಿ ಆಡಿಸಿದರೆ ಅರ್ಧ ಗಂಟೆಯಲ್ಲಿ ತಿಳಿಯಾಗುತ್ತದೆ.

ಇನ್ನೊಂದು ಕಂದು ಕಬ್ಬಿನದು. ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ತಾಲ್ಲೂಕುಗಳು ಸಕ್ಕರೆಯ ನಾಡು. ದಸರೆ ದೀಪಾವಳಿಯ ಹೊತ್ತಿಗೆ ಹೊತ್ತಿಕೊಂಡ ಬಾಯ್ಲರ್ ಬೇಸಿಗೆಯವರೆಗೆ ಆರುವುದಿಲ್ಲ. ಕಬ್ಬಿನ ತೂಕದಲ್ಲಿ ಶೇ 70ರಷ್ಟು ನೀರೇ ಇರುವುದರಿಂದ ಸಕ್ಕರೆ ಕಾರ್ಖಾನೆ ಒಂದರ್ಥದಲ್ಲಿ ನೀರಿನ ಕಾರ್ಖಾನೆಯೂ ಹೌದು. 2016ರ ಕೇಂದ್ರ ನಿಯಮದ ಪ್ರಕಾರ ನುರಿಸಿದ ಪ್ರತಿ ಟನ್ ಕಬ್ಬಿಗೆ 200 ಲೀಟರ್‌ಗಿಂತ ಹೆಚ್ಚು ಸಂಸ್ಕರಿತ ನೀರು ಹೊರಬಿಡುವಂತಿಲ್ಲ. ದಿನಕ್ಕೆ 5,000 ಟನ್ ನುರಿಸುವ ಕಾರ್ಖಾನೆಗೆ ಅದು 10 ಲಕ್ಷ ಲೀಟರ್ ಆಯಿತು.

ಆ ನೀರಿನಲ್ಲಿ ವಿಷಕ್ಕಿಂತ ಹೆಚ್ಚಾಗಿ ಇರುವುದು ಸಿಹಿ, ನೆಲ ತೊಳೆದ ಕೊಳೆ, ಒಂದಿಷ್ಟು ಜಿಡ್ಡು. ಸಿಹಿಯೇ ಹೊಳೆಗೆ ಕಂಟಕ. ಸೂಕ್ಷ್ಮಜೀವಿಗಳು ಸಕ್ಕರೆಗೆ ಮುಗಿಬಿದ್ದು ನೀರಿನಲ್ಲಿ ಕರಗಿದ ಆಮ್ಲಜನಕವನ್ನೆಲ್ಲ ಉಸಿರಾಡಿ ಮುಗಿಸುತ್ತವೆ. ಮೀನು ಉಸಿರುಗಟ್ಟಿ ಮೇಲೆ ತೇಲುತ್ತದೆ. ಹೀಗೆ ಖರ್ಚಾಗುವ ಆಮ್ಲಜನಕದ ಅಳತೆಗೆ ಬಿಒಡಿ ಎನ್ನುತ್ತಾರೆ. ಹೊಳೆಗೆ ಬಿಡುವ ನೀರಿನಲ್ಲಿ ಅದು ಲೀಟರಿಗೆ 30 ಮಿಲಿಗ್ರಾಂ ದಾಟಬಾರದು, ಹೊಲಕ್ಕೆ ಬಿಡುವುದಾದರೆ 100.

ಕಾಕಂಬಿಯಿಂದ ಮದ್ಯಸಾರ ತೆಗೆಯುವ ಡಿಸ್ಟಿಲರಿಯ ಕಥೆ ಬೇರೆ. ಒಂದು ಲೀಟರ್ ಎಥನಾಲ್ ಬಂದರೆ ಸ್ಪೆಂಟ್ ವಾಶ್ ಎಂಬ ಹೊಲಸು ನೀರು 8ರಿಂದ 15 ಲೀಟರ್ ಬರುತ್ತದೆ. ಅದರ ಬಿಒಡಿ 40 ಸಾವಿರವನ್ನೂ ಮೀರುತ್ತದೆ. ಚಹಾದ ಡಿಕಾಕ್ಷನ್ನಿಗಿಂತ ಕಪ್ಪು. ಬೆಲ್ಲದ ಪಾಕ ಕಾಯುವಾಗ ಬರುವ ಅದೇ ಕಂದು ಬಣ್ಣ, ಮೆಲನಾಯ್ಡಿನ್ ಎಂಬ ಜಾತಿಯದ್ದು. ಬ್ಯಾಕ್ಟೀರಿಯಾಗಳು ಸಿಹಿಯನ್ನು ತಿಂದು ಮುಗಿಸಿದರೂ ಈ ಬಣ್ಣವನ್ನು ಮೂಸಿ ನೋಡುವುದಿಲ್ಲ. ತುರಟಿಗೂ ಪೂರ್ತಿ ಬಗ್ಗುವುದಿಲ್ಲ. ಕ್ರಿಯಾವರ್ಧಕಕ್ಕೆ ಇಲ್ಲಿ ಕೆಲಸವಿದೆ.

ಕಬ್ಬಿಣ ಮತ್ತು ಗಾಯಕ್ಕೆ ಹಾಕುವ ಔಷಧ

ಮೊಣಕಾಲು ತರಚಿದಾಗ ಔಷಧಿ ಅಂಗಡಿಯಿಂದ ತಂದು ಹಾಕುತ್ತಿದ್ದ, ಬುರುಬುರು ನೊರೆ ಬರುವ ಹೈಡ್ರೋಜನ್ ಪೆರಾಕ್ಸೈಡ್ ನೆನಪಿದೆಯೇ? 1894ರಲ್ಲಿ ಇಂಗ್ಲೆಂಡಿನ ಎಚ್.ಜೆ.ಎಚ್. ಫೆಂಟನ್ ಅದಕ್ಕೆ ಚೂರು ಕಬ್ಬಿಣದ ಉಪ್ಪು ಸೇರಿಸಿ, ಹುಣಸೆಹಣ್ಣಿನ ಹುಳಿಯಾದ ಟಾರ್ಟಾರಿಕ್ ಆಮ್ಲದ ಮೇಲೆ ಹಾಕಿ ನೋಡಿದರು. ಪೆರಾಕ್ಸೈಡ್ ಒಂದರಿಂದಲೇ ಅಲುಗದಿದ್ದ ಆಮ್ಲ ಕಬ್ಬಿಣ ಸೇರಿದೊಡನೆ ಒಡೆಯಿತು.

ಕಾರಣ ತಿಳಿದದ್ದು ಅವರ ಕಾಲ ಕಳೆದ ಮೇಲೆ. ಹುಳಿಯಾದ ನೀರಿನಲ್ಲಿ ಕಬ್ಬಿಣವು ಪೆರಾಕ್ಸೈಡನ್ನು ಸೀಳಿ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಎಂಬ ಕಣವನ್ನು ಹುಟ್ಟಿಸುತ್ತದೆ. ಅದರ ಆಯುಷ್ಯ ಕಣ್ಣು ಮಿಟುಕಿಸುವುದರ ಕೋಟಿಯ ಒಂದು ಪಾಲಿಗಿಂತಲೂ ಕಡಿಮೆ. ಅಷ್ಟರಲ್ಲೇ ಪಕ್ಕದಲ್ಲಿ ಸಿಕ್ಕ ಅಣುವನ್ನು ಕಚ್ಚಿ ಹರಿದು ಹಾಕುತ್ತದೆ. ಮೆಲನಾಯ್ಡಿನ್ ಇರಲಿ, ರಬಕವಿ–ಬನಹಟ್ಟಿಯಂಥ ನೇಕಾರಿಕೆಯ ಊರುಗಳಲ್ಲಿ ನೂಲಿಗೆ ಹಾಕುವ ಬಣ್ಣವಿರಲಿ, ಅದಕ್ಕೆ ಭೇದವಿಲ್ಲ.

ಇದಕ್ಕೆ ಹೊಸ ಕಬ್ಬಿಣವೇ ಆಗಬೇಕೆಂದಿಲ್ಲ. ಅಮೋನಿಯಾ ಗೋಪುರದಿಂದ ನಿವೃತ್ತವಾದ ಕಬ್ಬಿಣವೂ ಆಗುತ್ತದೆ. ಗಟ್ಟಿ ಹರಳಿನ ರೂಪದಲ್ಲಿ ಬಳಸಿದರೆ ಇನ್ನೂ ಒಂದು ಲಾಭ: ಕಬ್ಬಿಣ ನೀರಿನಲ್ಲಿ ಕರಗಿ ಕೆಂಪು ರಾಡಿಯಾಗುವುದು ಕಡಿಮೆ, ಅದೇ ಹರಳನ್ನು ಮತ್ತೆ ಮತ್ತೆ ಬಳಸಬಹುದು. ತಾಮ್ರ, ಮ್ಯಾಂಗನೀಸ್ ಇರುವ ಹಳೆಯ ಗುಳಿಗೆಗಳನ್ನು ಬಿಸಿ, ಒತ್ತಡದಲ್ಲಿ ಗಾಳಿಯಿಂದಲೇ ಕೊಳೆ ಸುಡುವ ವಿಧಾನಕ್ಕೆ ಒಗ್ಗಿಸಬಹುದು. ಉಷ್ಣವಿದ್ಯುತ್ ಸ್ಥಾವರದ ಹೊಗೆ ತೊಳೆಯುವ ಗುಳಿಗೆಗಳಲ್ಲಿ ಟೈಟಾನಿಯಂ ಆಕ್ಸೈಡ್ ಇರುತ್ತದೆ. ಅದನ್ನು ಬೇರ್ಪಡಿಸಿ ನೀರಿನಲ್ಲಿ ಕದಡಿ ಬೆಳಕಿಗಿಟ್ಟರೆ ಬಿಸಿಲೇ ಬಣ್ಣ ಕಳೆಯುತ್ತದೆ.

ಕೇಳಲು ಚೆಂದ. ಈಗ ಲೆಕ್ಕ ನೋಡಿ. ಕೊಳೆಯನ್ನು ಸುಡಲು ಒಂದು ಕಿಲೋ ಆಮ್ಲಜನಕ ಬೇಕೆಂದಾದರೆ ಅದನ್ನು ಒದಗಿಸಲು ಎರಡು ಕಿಲೋಗೂ ಹೆಚ್ಚು ಪೆರಾಕ್ಸೈಡ್ ಬೇಕು. ಸ್ಪೆಂಟ್ ವಾಶ್‌ನ ಪ್ರತಿ ಲೀಟರಿಗೆ ಹೀಗೆ ಬೇಕಾಗುವ ಆಮ್ಲಜನಕ ಸುಮಾರು 100 ಗ್ರಾಂ. ಒಂದು ಲಕ್ಷ ಲೀಟರನ್ನು ಫೆಂಟನ್ ವಿಧಾನದಲ್ಲೇ ಶುದ್ಧ ಮಾಡುತ್ತೇನೆಂದು ಹೊರಟರೆ 20 ಟನ್‌ಗೂ ಹೆಚ್ಚು ಪೆರಾಕ್ಸೈಡ್ ತರಬೇಕು. ಗುಳಿಗೆ ಪುಕ್ಕಟೆ ಸಿಕ್ಕರೂ ಔಷಧದ ಬಿಲ್ಲಿಗೆ ಡಿಸ್ಟಿಲರಿ ಬಾಗಿಲು ಹಾಕಬೇಕಾದೀತು.

ಹಾಗಾಗಿ ಬ್ಯಾಕ್ಟೀರಿಯಾಗಳಿಗೆ ಮೊದಲ ಪಂಕ್ತಿಯ ಊಟ. ಗಾಳಿಯಿಲ್ಲದ ದೊಡ್ಡ ತೊಟ್ಟಿಯಲ್ಲಿ ಅವು ಸಿಹಿ ತಿಂದು ಮೀಥೇನ್ ಕೊಡುತ್ತವೆ. ಅದು ಬಾಯ್ಲರಿಗೆ ಉರುವಲು. ಉಳಿದದ್ದನ್ನು ಆವಿಯಾಗಿಸಿ ಮಂದ ಮಾಡಿ, ಬಾಯ್ಲರಿನಲ್ಲಿ ಸುಟ್ಟು, ಪೊಟ್ಯಾಷ್ ತುಂಬಿದ ಬೂದಿಯನ್ನು ಗೊಬ್ಬರಕ್ಕೆ ಕೊಡುವ ಪದ್ಧತಿ ಈಗ ಬಳಕೆಯಲ್ಲಿದೆ. ಕ್ರಿಯಾವರ್ಧಕ ಬರಬೇಕಾದದ್ದು ಕೊನೆಯಲ್ಲಿ, ಉಳಿದ ತಿಳಿ ಕಂದನ್ನು ಕಳೆದು ಆ ನೀರನ್ನು ಮತ್ತೆ ಕಾರ್ಖಾನೆಯೊಳಗೇ ಬಳಸಲು. ನನ್ನ ಮಟ್ಟಿಗೆ ಹೇಳುವುದಾದರೆ, ಸಕ್ಕರೆ ಸೀಮೆಯಲ್ಲಿ ನೀರು ಕೆಡುವುದು ತಂತ್ರಜ್ಞಾನದ ಕೊರತೆಗಿಂತ ಹೆಚ್ಚಾಗಿ ಇರುವ ತೊಟ್ಟಿಯನ್ನು ಹಗಲೂ ರಾತ್ರಿ ನಡೆಸುವ ಶಿಸ್ತಿನ ಕೊರತೆಯಿಂದ. ರಾತ್ರಿ ಪಂಪ್ ಬಂದ್ ಮಾಡಿದರೆ ಪ್ಲಾಟಿನಂ ಇಟ್ಟರೂ ನೀರು ಶುದ್ಧವಾಗದು.

ತುರಟಿಯ ನೆಂಟಸ್ತಿಕೆ

ಲೋಹವೆಲ್ಲ ಹೋದ ಮೇಲೆ ಉಳಿಯುವ ಅಲ್ಯುಮಿನಾ ಬಗ್ಗೆ ಯಾರೂ ಮಾತಾಡುವುದಿಲ್ಲ. ತೂಕದಲ್ಲಿ ಅದೇ ಹೆಚ್ಚು.

ಅಲ್ಯುಮಿನಾವನ್ನು ಗಂಧಕಾಮ್ಲದಲ್ಲಿ ಕರಗಿಸಿದರೆ ಬರುವುದು ಊರಿನ ನೀರು ಶುದ್ಧೀಕರಣ ಘಟಕಗಳಲ್ಲಿ ಟನ್‌ಗಟ್ಟಲೆ ಬಳಸುವ ಆಲಂ, ಕ್ಷೌರದಂಗಡಿಯ ತುರಟಿಯ ಹತ್ತಿರದ ನೆಂಟ. ಕಾಸ್ಟಿಕ್ ಸೋಡಾದಲ್ಲಿ ಒತ್ತಡ ಕೊಟ್ಟು ಕುದಿಸಿದರೆ ಅಲ್ಯುಮಿನಾವನ್ನೇ ಶುದ್ಧವಾಗಿ ತೆಗೆಯಬಹುದು. ಈ ಎರಡನೆಯ ವಿದ್ಯೆ ಬೆಳಗಾವಿಗೆ ಹೊಸದಲ್ಲ. ಯಮನಾಪುರದ ಹಿಂಡಾಲ್ಕೊ ಕಾರ್ಖಾನೆ, ಆಗ ಇಂಡಾಲ್, 1969ರಿಂದ ಬಾಕ್ಸೈಟ್ ಕಲ್ಲಿನಿಂದ ಅಲ್ಯುಮಿನಾ ತೆಗೆಯುವುದು ಕಾರ್ಲ್ ಬೇಯರ್ 1888ರಲ್ಲಿ ಪೇಟೆಂಟ್ ಪಡೆದ ಇದೇ ವಿಧಾನದಿಂದ. ಹಳೆಯ ಗುಳಿಗೆ ಒಂದರ್ಥದಲ್ಲಿ ಬಾಕ್ಸೈಟಿಗಿಂತ ಹದವಾದ ಕಚ್ಚಾ ಮಾಲು. ಬಾಕ್ಸೈಟಿನ ಹಾಗೆ ಕೆಂಪು ಕೆಸರಿನ ಗುಡ್ಡ ಬೀಳುವುದಿಲ್ಲ.

ಕರಗಿಸದೆ, ಹೊಸದಾಗಿ ಹುರಿದು ಸ್ಪಂಜಿನ ಹಾಗೆಯೂ ಬಳಸಬಹುದು. ಕುಡಿಯುವ ನೀರಿನ ಫ್ಲೋರೈಡ್ ಹೀರಲು ಅಲ್ಯುಮಿನಾ ಹರಳುಗಳನ್ನು ನಮ್ಮ ದೇಶದಲ್ಲಿ ಬಹುಕಾಲದಿಂದ ಬಳಸುತ್ತಿದ್ದಾರೆ. ಆದರೆ ಸಂಸ್ಕರಣಾಗಾರದಿಂದ ಬಂದ ಗುಳಿಗೆಯನ್ನು ಕುಡಿಯುವ ನೀರಿನ ಹತ್ತಿರ ತರುವುದನ್ನು ನಾನಂತೂ ಒಪ್ಪಲಾರೆ. ಹೊಲಸು ನೀರಿನ ರಂಜಕ ಹೀರಲಿ, ಬಣ್ಣ ಹೀರಲಿ. ಅಲ್ಲಿಗೆ ಸಾಕು.

ಕ್ರಮ ತಪ್ಪಿದರೆ

ಕುಡಿಯುವ ನೀರಿನ ವಿಷಯದಲ್ಲಿ ಹೀಗೆ ಹಿಂಜರಿಯಲು ಕಾರಣವಿದೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ನಿಕ್ಕಲ್ ಲೀಟರಿಗೆ 0.02 ಮಿಲಿಗ್ರಾಂ ದಾಟುವಂತಿಲ್ಲ. ಅಂದರೆ ಒಂದು ಗ್ರಾಂ ನಿಕ್ಕಲ್ 50 ಸಾವಿರ ಲೀಟರ್ ನೀರನ್ನು ಮಿತಿಯ ಅಂಚಿಗೆ ತಂದು ನಿಲ್ಲಿಸುತ್ತದೆ. ಕಾರ್ಖಾನೆಯಿಂದ ಹೊರಬಿಡುವ ನೀರಿನಲ್ಲೂ ವನೇಡಿಯಂ ಲೀಟರಿಗೆ 0.2 ಮಿಲಿಗ್ರಾಂ ಒಳಗಿರಬೇಕು. ಲೋಹ ತೆಗೆಯದ ಗುಳಿಗೆಯನ್ನು ‘ನೀರು ಶುದ್ಧೀಕರಣಕ್ಕೆ’ ಎಂದು ಹೆಸರು ಹಚ್ಚಿ ತೊಟ್ಟಿಗೆ ಸುರಿದರೆ ಕಂದು ಹೋಗಿ ಕಣ್ಣಿಗೆ ಕಾಣದ ವಿಷ ಬಂದಂತಾಯಿತು. ಸಕ್ಕರೆ ಬೆರೆತ ನೀರು ಹೊಳೆ ಸೇರಿದರೆ ಮುಂದಿನ ಮಳೆಗಾಲಕ್ಕೆ ಹೊಳೆ ಚೇತರಿಸಿಕೊಂಡೀತು. ತಳದ ಮಣ್ಣಿಗಿಳಿದ ಲೋಹ ಅಲ್ಲೇ ಕೂರುತ್ತದೆ. ಧೂಪದಾಳ ಒಡ್ಡಿನ ಹಿನ್ನೀರು 1974ರಿಂದ ಪಕ್ಷಿಧಾಮವೂ ಹೌದು. ಆ ಹಕ್ಕಿಗಳಿಗೆ ಮೇವು ಸಿಗುವುದು ಅದೇ ಮಣ್ಣಿನಲ್ಲಿ.

ಆದ್ದರಿಂದ ದುಬಾರಿ ಲೋಹ ಮೊದಲು ಹೊರಬಂದು ಉಕ್ಕಿಗೆ, ಹೊಸ ಗುಳಿಗೆಗೆ ಹೋಗಬೇಕು. ನೀರಿಗೆ ಬರಬೇಕಾದವು ಕಬ್ಬಿಣ ಮತ್ತು ಅಲ್ಯುಮಿನಾ. ಅದೂ ನೀರಿನಲ್ಲಿ ನೆನೆಸಿ, ಏನು ಬಿಡುತ್ತದೆ ಎಂದು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿದ ಮೇಲೆ, ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಪಡೆದು. ಈ ಕಸುಬಿನ ದೊಡ್ಡ ತೊಡಕು ದರ. ಮಾಲಿಬ್ಡಿನಮ್ ಬೆಲೆ ಏರಿದಾಗ ಗುಳಿಗೆ ಕೊಳ್ಳಲು ಪೈಪೋಟಿ, ಇಳಿದಾಗ ಹೂಳುವುದೇ ಅಗ್ಗ.

ಸಣ್ಣ ಮಟ್ಟದ ಅಪಾಯ ನಮ್ಮ ಓಣಿಯಲ್ಲೇ ಇದೆ. ಕದ್ದ ಸೈಲೆನ್ಸರಿನ ಡಬ್ಬಿಯನ್ನು ಮೋಡಕಾ ಅಂಗಡಿಯ ಹಿಂದೆ ಬಡಿದು ಒಡೆಯುವವನ ಮೂಗಿಗೆ ಹೋಗುವುದು ಪಿಂಗಾಣಿಯ ನುಣುಪು ಧೂಳು. ತೇಜಾಬಿನಲ್ಲಿ ಅದನ್ನು ಕಾಯಿಸಿ ಉಳಿದದ್ದನ್ನು ಗಟಾರಿಗೆ ಚೆಲ್ಲಿದರೆ ಆ ಗಟಾರು ಸೇರುವುದೂ ಹೊಳೆಯನ್ನೇ.

ನಿಮ್ಮ ಗಾಡಿಯ ಈ ಡಬ್ಬಿ ಕೆಟ್ಟು ಹೊಸದು ಹಾಕಿಸುವ ದಿನ ಬಂದರೆ ಹಳೆಯದನ್ನು ಗ್ಯಾರೇಜಿನಲ್ಲೇ ಬಿಟ್ಟು ಬರಬೇಡಿ. ಕೇಳಿ ಪಡೆದುಕೊಳ್ಳಿ, ಮಾರುವುದಾದರೆ ಅಧಿಕೃತ ಮರುಬಳಕೆದಾರರಿಗೆ ಕೊಟ್ಟು ಪಾವತಿ ತೆಗೆದುಕೊಳ್ಳಿ. ಗಾಡಿಯನ್ನೇ ಗುಜರಿಗೆ ಹಾಕುವುದಿದ್ದರೆ ನೋಂದಾಯಿತ ಕೇಂದ್ರಕ್ಕೆ ಒಯ್ಯಿರಿ, ಡಬ್ಬಿ ಗಾಡಿಯಲ್ಲೇ ಇದೆಯೆಂದು ಬರೆಸಿಕೊಳ್ಳಿ.